ಮೊಬೈಲ್ ಫೋನಿನೊಳಗಿನ ಶಾನುಭೋಗ

ಕಳೆದ ಮುಂಗಾರಿನಲ್ಲಿ ಕೊಟ್ಟೂರಿಗೆ ಹೋಗಿದ್ದಾಗ ಅಲ್ಲಿನ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ಅರ್ಧ ಗಂಟೆ ಕಾಯಬೇಕಾದ ಪ್ರಸಂಗ ಬಂತು. ನನಗಿಂತ ಮೊದಲೇ ಅಲ್ಲಿ ಕುಳಿತಿದ್ದವನು ಇಪ್ಪತ್ತೈದರ ಆಸುಪಾಸಿನ ಒಬ್ಬ ಯುವಕ. ಬೆಳೆ ಸಮೀಕ್ಷೆಯ ಭಾಷೆಯಲ್ಲಿ ಅವನು ‘ಪಿ.ಆರ್.’, ಅಂದರೆ ಖಾಸಗಿ ನಿವಾಸಿ. ಸ್ವಂತ ಫೋನು ಹಿಡಿದು ಹೊಲದಿಂದ ಹೊಲಕ್ಕೆ ನಡೆದು, ಆಯಾ ಸರ್ವೆ ನಂಬರಿನ ಒಳಗೇ ನಿಂತು, ಬೆಳೆಯ ಛಾಯಾಚಿತ್ರ ತೆಗೆದು ಕಳುಹಿಸುವುದು ಅವನ ಕೆಲಸ. ತಾಕಿಗೆ ಇಷ್ಟು ಎಂದು ಅವನಿಗೆ ಹಣ ಸಿಗುತ್ತದೆ.

ಅವನ ಫೋನು ಐದು ವರ್ಷ ಹಳೆಯದು. ಗಾಜು ಒಡೆದಿರಲಿಲ್ಲ, ಬ್ಯಾಟರಿ ಬದಲಾಯಿಸಿ ಆರು ತಿಂಗಳೂ ಆಗಿರಲಿಲ್ಲ. ಆದರೆ ಅದನ್ನು ತಯಾರಿಸಿದ ಕಂಪನಿ ಎರಡೇ ವರ್ಷಕ್ಕೆ ಹೊಸ ಆವೃತ್ತಿಗಳನ್ನು ಕೊಡುವುದನ್ನು ನಿಲ್ಲಿಸಿತ್ತು. ಅವನಿಗೆ ಬೇಕಾದ ಆಪ್‌ಗಳು ಒಂದೊಂದಾಗಿ ‘ಈ ಫೋನಿಗೆ ಹೊಂದುವುದಿಲ್ಲ’ ಎನ್ನತೊಡಗಿದ್ದವು. ಹೊಸ ಫೋನಿಗೆ ಹಣವಿಲ್ಲದ್ದರಿಂದ, ಉತ್ಸಾಹಿಗಳು ತಾವೇ ರೂಪಿಸಿ ಹಂಚುವ ಆಂಡ್ರಾಯ್ಡ್‌ನ ಹೊಸ ಆವೃತ್ತಿಯೊಂದನ್ನು ಹಾಕಿಕೊಡುವಂತೆ ಅಂಗಡಿಯವನನ್ನು ಕೇಳಿದ್ದ. ಅಂಗಡಿಯವರು ಇದನ್ನು ‘ಫ್ಲ್ಯಾಶ್ ಮಾಡುವುದು’ ಎನ್ನುತ್ತಾರೆ. ಫೋನು ಎದ್ದು ನಿಂತಿತು. ಪರದೆ ಹೊಳೆಯಿತು, ಕನ್ನಡ ಅಕ್ಷರಗಳು ಮೊದಲಿಗಿಂತ ಅಂದವಾಗಿ ಮೂಡಿದವು. ‘ಎಲ್ಲಾ ಸರಿ ಐತಿ ಅಣ್ಣಾ, ಕ್ಯಾಮೆರಾ ಒಂದು ತೆರಿಯವಲ್ದು’ ಎಂದ ಅಂಗಡಿಯ ಹುಡುಗ. ಸ್ವಲ್ಪ ಹೊತ್ತಿನ ಮೇಲೆ, ಉಪಗ್ರಹದ ಸಂಕೇತ ಹಿಡಿದು ತಾನೆಲ್ಲಿದ್ದೇನೆಂದು ಹೇಳುವುದೂ ಆ ಫೋನಿಗೆ ಆಗುತ್ತಿಲ್ಲವೆಂದು ಗೊತ್ತಾಯಿತು. ಚಿತ್ರ ಮತ್ತು ಸ್ಥಳ, ಸಮೀಕ್ಷೆಗೆ ಬೇಕಾದದ್ದು ಇವೆರಡೇ!

ಇದನ್ನು ಒಬ್ಬ ಯುವಕನ ದುರದೃಷ್ಟವೆಂದು ಬಿಟ್ಟುಬಿಡುವಂತಿಲ್ಲ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ತುಂಗಭದ್ರೆಯ ಅಂಚಿನ ಹಳ್ಳಿಗಳನ್ನು ಹೊರತುಪಡಿಸಿದರೆ ಇದು ಬಹುಪಾಲು ಮಳೆಯನ್ನೇ ನಂಬಿದ ಸೀಮೆ. ಮೆಕ್ಕೆಜೋಳ, ಶೇಂಗಾ, ಜೋಳ, ಈರುಳ್ಳಿಯ ಒಕ್ಕಲುತನ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಯಾರ ಹೊಲದಲ್ಲಿ ಯಾವ ಬೆಳೆ ಇತ್ತು ಎಂಬ ಪ್ರಶ್ನೆ ಎಷ್ಟು ಮುಖ್ಯವಾಯಿತೆಂಬುದು ಇಲ್ಲಿನ ರೈತರಿಗೆ ಚೆನ್ನಾಗಿ ನೆನಪಿದೆ. ಬರ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಪಹಣಿಯಲ್ಲಿನ ಬೆಳೆ ಕಲಂ ಇವೆಲ್ಲವೂ ಇಂದು ಹೊಲದಲ್ಲಿ ನಿಂತು ಫೋನಿನಲ್ಲಿ ತೆಗೆದ ಆ ಒಂದು ಚಿತ್ರವನ್ನು ಅವಲಂಬಿಸಿವೆ. ಹೀಗಿರುವಾಗ ಆ ಫೋನಿನ ಕ್ಯಾಮೆರಾ ಏಕೆ ತೆರೆಯಲಿಲ್ಲ ಎಂಬುದು ಸಾರ್ವಜನಿಕ ಮಹತ್ವದ ಪ್ರಶ್ನೆಯಾಗುತ್ತದೆ.

ಕಾರಣವನ್ನು ತಿಳಿಯಲು ಈ ಸೀಮೆಯದೇ ಹಳೆಯ ವ್ಯವಸ್ಥೆಯೊಂದನ್ನು ನೆನೆಯುವುದು ಸುಲಭದ ದಾರಿ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಇದು ಮದರಾಸಿನ ಆಡಳಿತದಲ್ಲಿತ್ತು. ಊರಿನ ಲೆಕ್ಕ ಶಾನುಭೋಗರ ಕೈಯಲ್ಲಿ. ಮದರಾಸಿನ ಕಾಗದಗಳಲ್ಲಿ ಅವರೇ ಕರಣಂ. ತಹಶೀಲ್ದಾರರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಅವರು ಎಷ್ಟೇ ದಕ್ಷರಿರಲಿ, ಅವರ ಆದೇಶ ಹೊಲಕ್ಕೆ ಮುಟ್ಟಬೇಕಾದದ್ದು ಶಾನುಭೋಗರ ಮೂಲಕ. ಯಾವ ಸರ್ವೆ ನಂಬರು ಎಲ್ಲಿ ಒಡೆದಿದೆ, ಯಾವ ಬದು ಯಾರದು, ಯಾವ ವರ್ಷ ಎಷ್ಟು ಬಿತ್ತನೆಯಾಯಿತು ಎಂಬ ವಿವರ ಅವರ ಪುಸ್ತಕದಲ್ಲಿತ್ತು, ಪುಸ್ತಕ ಅವರ ಮನೆಯಲ್ಲಿತ್ತು. ಪ್ರಾಮಾಣಿಕರಾದ ಶಾನುಭೋಗರು ಬಹಳ ಮಂದಿ ಇದ್ದರೆಂಬುದು ನಿಜ. ಆದರೆ ಪ್ರಶ್ನೆ ಅವರ ಸ್ವಭಾವದ್ದಲ್ಲ. ಆ ಪುಸ್ತಕ ಸಿಗದಿದ್ದರೆ ಸರ್ಕಾರವೂ ರೈತನೂ ಒಟ್ಟಿಗೇ ಕುರುಡಾಗುತ್ತಿದ್ದರು ಎಂಬುದೇ ಪ್ರಶ್ನೆ.

ಫೋನಿನಲ್ಲಿಯೂ ಇಂಥದೇ ಮೂರು ಸ್ತರಗಳಿವೆ. ಕ್ಯಾಮೆರಾ, ಪರದೆ, ರೇಡಿಯೊ, ಸ್ಥಳ ಸೂಚಿಸುವ ಚಿಪ್ಪು ಮುಂತಾದ ಯಂತ್ರಾಂಶವೇ ಹೊಲ. ಆಂಡ್ರಾಯ್ಡ್‌ನಂಥ ಕಾರ್ಯಾಚರಣ ವ್ಯವಸ್ಥೆಯೇ ತಹಶೀಲ್ದಾರ. ಇವೆರಡರ ನಡುವೆ ‘ಡ್ರೈವರ್’ ಎಂಬ ಸಣ್ಣ ಸಣ್ಣ ತಂತ್ರಾಂಶಗಳಿವೆ. ಕನ್ನಡದಲ್ಲಿ ಅದನ್ನು ಚಾಲಕ ತಂತ್ರಾಂಶ ಎನ್ನಬಹುದು. ‘ಚಿತ್ರ ತೆಗೆ’ ಎಂಬ ಸಾಮಾನ್ಯ ಆದೇಶವನ್ನು ಇಂಥ ಕಂಪನಿಯ ಇಂಥ ಮಾದರಿಯ ಕ್ಯಾಮೆರಾಕ್ಕೆ ಯಾವ ವಿದ್ಯುತ್ ಸಂಕೇತವಾಗಿ, ಯಾವ ಕ್ರಮದಲ್ಲಿ ಮುಟ್ಟಿಸಬೇಕೆಂಬುದು ಚಾಲಕಕ್ಕೆ ಮಾತ್ರ ಗೊತ್ತು. ಕೊಟ್ಟೂರಿನ ಆ ಫೋನಿಗೆ ದಕ್ಷನಾದ ಹೊಸ ತಹಶೀಲ್ದಾರ ಬಂದಿದ್ದ. ಹೊಲ ಹಾಗೆಯೇ ಇತ್ತು. ಶಾನುಭೋಗ ಮಾತ್ರ ಪುಸ್ತಕದೊಂದಿಗೆ ಹೊರಟುಹೋಗಿದ್ದ.

ಆಂಡ್ರಾಯ್ಡ್ ‘ಮುಕ್ತ’ ವ್ಯವಸ್ಥೆಯೆಂದು ಹೆಸರಾಗಿದೆಯಲ್ಲ, ಹಾಗಿದ್ದರೆ ಚಾಲಕಗಳೇಕೆ ಸಿಗುವುದಿಲ್ಲ ಎಂದು ಓದುಗರು ಕೇಳಬಹುದು. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ತಿರುಳು. ಅದನ್ನು ಬಳಸಿ ಫೋನು ಮಾರುವವರು ತಾವು ಮಾಡಿದ ಬದಲಾವಣೆಗಳ ಆಕರ ಸಂಕೇತವನ್ನೂ ಕೊಡಬೇಕೆಂದು ಅದರ ಪರವಾನಗಿ ವಿಧಿಸುತ್ತದೆ. ಕಂಪನಿಗಳು ಈ ಕರಾರನ್ನು ಪಾಲಿಸಿದಾಗಲೂ ಚಾಲಕದ ಮುಖ್ಯ ಭಾಗವನ್ನು ತಿರುಳಿನ ಹೊರಗೆ ಇರಿಸಿಬಿಡುತ್ತವೆ. ಕ್ಯಾಮೆರಾದ ಚಿತ್ರ ಸಂಸ್ಕರಣೆ, ಗ್ರಾಫಿಕ್ಸ್, ಕರೆಗಳನ್ನು ನಿರ್ವಹಿಸುವ ಮೋಡೆಮ್ ಇವುಗಳ ಜ್ಞಾನವೆಲ್ಲ ಯಂತ್ರಕ್ಕೆ ಮಾತ್ರ ಅರ್ಥವಾಗುವ, ಮನುಷ್ಯರು ಓದಲಾಗದ ಕಡತಗಳಲ್ಲಿ ಅಡಗಿರುತ್ತದೆ. ಲಿನಕ್ಸ್‌ನ ತಿರುಳು ಬೆಳೆಯುತ್ತ ಹೋದಂತೆ ತನ್ನ ಒಳಗಿನ ಸಂಪರ್ಕ ನಿಯಮಗಳನ್ನು ಬದಲಾಯಿಸಿಕೊಳ್ಳುತ್ತದೆ. ತಿರುಳಿನೊಳಗೇ ಸೇರಿರುವ ಮುಕ್ತ ಚಾಲಕಗಳನ್ನು ಬದಲಾವಣೆ ಮಾಡುವವರೇ ಜೊತೆಜೊತೆಗೆ ತಿದ್ದುತ್ತಾರೆ. ಹೊರಗಿರುವ ಮುಚ್ಚಿದ ಚಾಲಕವನ್ನು ತಿದ್ದುವವರಿಲ್ಲ. ಎರಡು ಮೂರು ವರ್ಷಗಳಲ್ಲಿ ಹೊಸ ತಿರುಳಿನ ಭಾಷೆ ಹಳೆಯ ಚಾಲಕಕ್ಕೆ ತಿಳಿಯದಂತಾಗುತ್ತದೆ.

ಇದರ ಹಿಂದಿರುವ ಅರ್ಥಶಾಸ್ತ್ರ ಸರಳವಾದದ್ದು. ಚಿಪ್ಪು ತಯಾರಕನಿಗೆ ಲಾಭ ಬರುವುದು ಹೊಸ ಚಿಪ್ಪು ಮಾರಿದಾಗ. ಹಳೆಯ ಚಿಪ್ಪಿನ ಚಾಲಕವನ್ನು ತಿದ್ದಲು ಎಂಜಿನಿಯರುಗಳನ್ನು ಇಟ್ಟುಕೊಂಡರೆ ಬರೀ ಖರ್ಚು. ಫೋನು ತಯಾರಕನ ಲೆಕ್ಕವೂ ಅದೇ. ಕೊಳ್ಳುವವನಿಗೆ ಅಂಗಡಿಯಲ್ಲಿ ಕಾಣುವುದು ಬೆಲೆ, ಬಣ್ಣ ಮತ್ತು ಕ್ಯಾಮೆರಾದ ಮೆಗಾಪಿಕ್ಸೆಲ್. ಚಾಲಕದ ಆಯುಷ್ಯ ಕಾಣುವುದಿಲ್ಲ. ಒಬ್ಬರ ನಿರ್ಧಾರದ ವೆಚ್ಚವನ್ನು ಮತ್ತೊಬ್ಬರು ಭರಿಸುವ ಸ್ಥಿತಿಯನ್ನು ಅರ್ಥಶಾಸ್ತ್ರದಲ್ಲಿ ಬಾಹ್ಯ ಪರಿಣಾಮ ಎನ್ನುತ್ತಾರೆ. ಇಲ್ಲಿ ಅದನ್ನು ಭರಿಸುವವರು ಹತ್ತು ಸಾವಿರ ರೂಪಾಯಿಯ ಫೋನನ್ನು ಕಂತಿನಲ್ಲಿ ಕೊಂಡ ಗ್ರಾಮೀಣ ಬಳಕೆದಾರರು.

ಈ ಬೀಗವನ್ನು ತೆರೆಯುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. 2009ರಲ್ಲಿ ಹವ್ಯಾಸಿಗಳು ಆರಂಭಿಸಿದ ಸಯನೋಜೆನ್‌ಮಾಡ್ ಕಂಪನಿಗಳು ಕೈಬಿಟ್ಟ ಎಷ್ಟೋ ಫೋನುಗಳಿಗೆ ಮರುಜೀವ ಕೊಟ್ಟಿತು. ಅದರ ವಾಣಿಜ್ಯ ರೂಪ ಭಾರತಕ್ಕೂ ಬಂತು. ಆದರೆ ಅದನ್ನು ಬಳಸುವ ಹಕ್ಕು ಯಾರದೆಂಬ ಬಗ್ಗೆ ಮೈಕ್ರೋಮ್ಯಾಕ್ಸ್ ಮತ್ತು ಒನ್‌ಪ್ಲಸ್ ಕಂಪನಿಗಳ ನಡುವೆ ಜಗಳವಾಗಿ, 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಒನ್‌ಪ್ಲಸ್ ಫೋನುಗಳ ಮಾರಾಟಕ್ಕೆ ತಡೆ ನೀಡಿತು. ಅದೇ ತಿಂಗಳು ವಿಭಾಗೀಯ ಪೀಠ ಆ ತಡೆಯನ್ನು ಸಡಿಲಿಸಿತು. 2016ರ ಕೊನೆಗೆ ಸಯನೋಜೆನ್ ಕಂಪನಿ ತನ್ನ ಸೇವೆಗಳನ್ನೇ ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ಲಿನಿಯೇಜ್ ಓಎಸ್ ಇಂದಿಗೂ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತಿದೆ. ಆದರೆ ಆ ಸ್ವಯಂಸೇವಕರೂ ಮೂಲ ಫೋನಿನಿಂದ ಮುಚ್ಚಿದ ಕಡತಗಳನ್ನು ಹಾಗೆಯೇ ಎತ್ತಿಕೊಂಡು ಹೊಸ ವ್ಯವಸ್ಥೆಗೆ ಹೊಂದಿಸಬೇಕಾಗುತ್ತದೆ. ಹೊಂದಿದರೆ ಅದೃಷ್ಟ, ಹೊಂದದಿದ್ದರೆ ಕ್ಯಾಮೆರಾ ಇಲ್ಲ.

ಕೆಲವೊಮ್ಮೆ ಫೋನು ಫೋನಾಗಿಯೇ ಉಳಿಯುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೊ ಜಾಲದಲ್ಲಿ 2ಜಿ, 3ಜಿ ಇಲ್ಲ. ಮಾತು ಕೂಡ ದತ್ತಾಂಶವಾಗಿಯೇ ಸಾಗುವ ವೋಲ್ಟ್ ಎಂಬ ವಿಧಾನದಲ್ಲಿ ಹೋಗಬೇಕು. ಅದಕ್ಕೆ ಬೇಕಾದ ಮುಚ್ಚಿದ ತಂತ್ರಾಂಶ ಹೊಸ ವ್ಯವಸ್ಥೆಯೊಂದಿಗೆ ಹೊಂದದಿದ್ದರೆ ಅಂತರಜಾಲ ಸಿಗುತ್ತದೆ, ಕರೆ ಹೋಗುವುದಿಲ್ಲ. ಇದರ ಮೇಲೆ, ಬ್ಯಾಂಕುಗಳ ಮತ್ತು ಹಣ ಪಾವತಿಯ ಅನೇಕ ಆಪ್‌ಗಳು ತಯಾರಕರ ಬೀಗ ತೆರೆದ ಫೋನುಗಳಲ್ಲಿ ಕೆಲಸ ಮಾಡಲು ನಿರಾಕರಿಸುತ್ತವೆ. ಆದ್ದರಿಂದ ‘ಎಲ್ಲರೂ ಫ್ಲ್ಯಾಶ್ ಮಾಡಿಸಿಕೊಳ್ಳಿ’ ಎಂಬುದು ನನ್ನ ಸಲಹೆ ಖಂಡಿತ ಅಲ್ಲ.

ಉದ್ಯಮವೂ ಈ ದೋಷವನ್ನು ಗುರುತಿಸಿದೆ. ಚಾಲಕಗಳನ್ನು ಒಂದು ಕಡೆ, ಉಳಿದ ವ್ಯವಸ್ಥೆಯನ್ನು ಇನ್ನೊಂದು ಕಡೆ ಇರಿಸಿ, ನಡುವೆ ಸ್ಥಿರವಾದ ಒಪ್ಪಂದವೊಂದನ್ನು ರೂಪಿಸುವ ‘ಟ್ರೆಬಲ್’ ಯೋಜನೆಯನ್ನು ಗೂಗಲ್ 2017ರಲ್ಲಿ ಆಂಡ್ರಾಯ್ಡ್ 8ರೊಂದಿಗೆ ತಂದಿತು. ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷಗಳ ನವೀಕರಣದ ಭರವಸೆ ನೀಡಿದವು. ನೆದರ್‌ಲೆಂಡ್ಸಿನ ಫೇರ್‌ಫೋನ್ ಎಂಬ ಸಣ್ಣ ಕಂಪನಿಯಂತೂ, ಚಿಪ್ಪು ತಯಾರಕರು ಬೆಂಬಲ ನಿಲ್ಲಿಸಿದ ಮೇಲೂ 2015ರ ತನ್ನ ಫೋನನ್ನು ಆಂಡ್ರಾಯ್ಡ್ 5ರಿಂದ 10ರವರೆಗೆ ತಂದು, 2023ರ ಮಾರ್ಚ್‌ವರೆಗೆ ಕಾಪಾಡಿತು. ಅಂದರೆ ಇದು ಅಸಾಧ್ಯವೇನಲ್ಲ. ಖರ್ಚು ಮಾಡುವ ಮನಸ್ಸಿದ್ದರೆ ಅಥವಾ ಮಾಡಲೇಬೇಕೆಂಬ ನಿಯಮವಿದ್ದರೆ ಸಾಧ್ಯ. ಹೂವಿನಹಡಗಲಿಯ ಮಲ್ಲಿಗೆ ಬೆಳೆಗಾರನ ಕೈಯಲ್ಲಿರುವ ಅಗ್ಗದ ಫೋನಿಗೆ ಈ ಏಳು ವರ್ಷದ ಭಾಗ್ಯ ಇನ್ನೂ ಬಂದಿಲ್ಲ.

‘ಸ್ವದೇಶಿ ಕಾರ್ಯಾಚರಣ ವ್ಯವಸ್ಥೆ ಇದ್ದರೆ ಎಲ್ಲ ಸರಿಹೋಗುತ್ತದೆ’ ಎಂಬ ವಾದವೂ ಆಗಾಗ ಕೇಳಿಬರುತ್ತದೆ. 2023ರ ಜನವರಿಯಲ್ಲಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ರೂಪುಗೊಂಡ ‘ಭರೋಸ್’ ಕೇಂದ್ರ ಸಚಿವರ ಸಮ್ಮುಖದಲ್ಲಿ ಪ್ರದರ್ಶನಗೊಂಡಾಗ ಈ ಉತ್ಸಾಹ ಸಹಜವಾಗಿಯೇ ಹೆಚ್ಚಿತ್ತು. ಅದನ್ನು ಕಟ್ಟಿರುವುದು ಆಂಡ್ರಾಯ್ಡ್‌ನ ಮುಕ್ತ ಭಾಗದ ಮೇಲೆಯೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಹಶೀಲ್ದಾರ ನಮ್ಮೂರಿನವನಾದ ಮಾತ್ರಕ್ಕೆ ಶಾನುಭೋಗರ ಪುಸ್ತಕ ಸರ್ಕಾರಿ ಕಚೇರಿಗೆ ಬರುವುದಿಲ್ಲ. ಪ್ರತಿಸ್ಪರ್ಧಿ ವ್ಯವಸ್ಥೆಗಳನ್ನು ತಡೆಯುವ ಕರಾರುಗಳೂ ಸೇರಿದಂತೆ ಹಲವು ಆಕ್ಷೇಪಗಳ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಅಂಥ ಕರಾರುಗಳನ್ನೆಲ್ಲ ಕಾನೂನು ಅಳಿಸಿಹಾಕಿದರೂ ಚಾಲಕ ಮುಚ್ಚಿಯೇ ಇದ್ದರೆ ಹೊಸ ವ್ಯವಸ್ಥೆ ಹೆಚ್ಚು ದೂರ ಹೋಗಲಾರದು.

ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಅನುಭವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳೊಂದಿಗೆ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ಪ್ರದರ್ಶಿಸಿದರು. ಲಿನಕ್ಸ್ ಆಧಾರಿತ, ಹಳ್ಳಿಯ ಹಲವರು ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಂಡು ಬಳಸಬಹುದಾದ, ಭಾರತೀಯ ಭಾಷೆಗಳಲ್ಲಿ ಓದಿ ಹೇಳಬಲ್ಲ ಯಂತ್ರ ಅದು. ಅದರ ಯಂತ್ರಾಂಶದ ವಿನ್ಯಾಸಕ್ಕೇ ಒಂದು ಸಾರ್ವಜನಿಕ ಪರವಾನಗಿ ರೂಪಿಸಿದ್ದು ಆ ಕಾಲಕ್ಕೆ ದೊಡ್ಡ ಮಾತು. ಇಲ್ಲಿ ಶಾನುಭೋಗರ ಪುಸ್ತಕ ಚಾವಡಿಯ ಮೇಲೆಯೇ ಇತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಮಾರುಕಟ್ಟೆಗೂ ಬಂತು. ಆದರೆ ಮಾರಾಟ ಕೆಲವು ಸಾವಿರಗಳಲ್ಲೇ ನಿಂತಿತು. ಸಂಖ್ಯೆ ಇಲ್ಲದೆ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದೆ ಸಂಖ್ಯೆ ಏರಲಿಲ್ಲ. ಸಿಂಪ್ಯೂಟರ್‌ಗೆ ಮುಕ್ತತೆ ಇತ್ತು, ಮಾರುಕಟ್ಟೆ ಇರಲಿಲ್ಲ. ಇಂದಿನ ಫೋನುಗಳಿಗೆ ಮಾರುಕಟ್ಟೆ ಇದೆ, ಮುಕ್ತತೆ ಇಲ್ಲ. ಇವೆರಡನ್ನೂ ಕೂಡಿಸುವ ಶಕ್ತಿಯಿರುವ ಗ್ರಾಹಕ ಒಬ್ಬನೇ, ಅದು ಸರ್ಕಾರ.

ಸರ್ಕಾರವನ್ನೇ ಏಕೆ ಹೇಳಬೇಕೆಂದರೆ, ಫೋನನ್ನು ಅನಿವಾರ್ಯಗೊಳಿಸಿದ್ದೂ ಸರ್ಕಾರವೇ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಬಾರಿ ಸ್ಥಳಸಹಿತ ಛಾಯಾಚಿತ್ರದ ಹಾಜರಾತಿಯನ್ನು 2023ರ ಜನವರಿಯಿಂದ ಕಡ್ಡಾಯಗೊಳಿಸಲಾಯಿತು. ಮೇಟಿಯ ಫೋನು ಕೈಕೊಟ್ಟ ದಿನ ಕೂಲಿಯ ಲೆಕ್ಕವೇ ಕಷ್ಟವಾಯಿತು. ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಎತ್ತರವನ್ನು ಫೋನಿನಲ್ಲೇ ದಾಖಲಿಸಬೇಕು. ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ ಮುಷ್ಕರ ಹೂಡಿದಾಗ, 2025ರ ಫೆಬ್ರುವರಿಯಲ್ಲಿ ಮತ್ತೆ ಬೀದಿಗಿಳಿದಾಗ, ಅವರ ಅಹವಾಲುಗಳಲ್ಲಿ ಮುಖ್ಯವಾದದ್ದು ಆಪ್‌ಗಳ ಹೊರೆ ಮತ್ತು ಅವನ್ನು ನಡೆಸಲು ಬೇಕಾದ ಮೊಬೈಲ್, ಲ್ಯಾಪ್‌ಟಾಪ್‌ಗಳ ಕೊರತೆ. ಹಿಂದೆ ನಾವು ಗ್ರಾಮ ಲೆಕ್ಕಿಗರಿಗೆ ಕಾಗದ, ಮಸಿ, ಅಳತೆಯ ಸರಪಳಿ ಕೊಡುತ್ತಿದ್ದೆವು. ಸರಪಳಿಯನ್ನು ಸ್ವಂತ ಖರ್ಚಿನಲ್ಲಿ ತನ್ನಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಯಾರೂ ಹೇಳುತ್ತಿರಲಿಲ್ಲ.

ಆಗಬೇಕಾದದ್ದು ಏನು? ಮೊದಲನೆಯದಾಗಿ, ಸರ್ಕಾರ ತನ್ನ ಸಿಬ್ಬಂದಿಗಾಗಿ ಫೋನು ಖರೀದಿಸುವಾಗ ಟೆಂಡರಿನಲ್ಲಿ ಬೆಲೆ, ಮೆಮೊರಿಯ ಜೊತೆಗೆ ತಂತ್ರಾಂಶದ ಆಯುಷ್ಯವನ್ನೂ ಷರತ್ತಾಗಿಸಬೇಕು: ಇಷ್ಟು ವರ್ಷ ನವೀಕರಣ ಕೊಡಬೇಕು, ಲಿನಕ್ಸ್ ತಿರುಳಿನ ಪೂರ್ಣ ಆಕರ ಸಂಕೇತ ಒದಗಿಸಬೇಕು, ಮುಚ್ಚಿದ ಚಾಲಕಗಳ ಆಕರವನ್ನು ಮೂರನೆಯ ಸಂಸ್ಥೆಯೊಂದರಲ್ಲಿ ಠೇವಣಿ ಇಡಬೇಕು, ಕಂಪನಿ ಬೆಂಬಲ ನಿಲ್ಲಿಸಿದ ದಿನ ಆ ಠೇವಣಿ ಸರ್ಕಾರದ ಕೈ ಸೇರಬೇಕು, ಫೋನಿನ ಬೀಗವೂ ತೆರೆಯಬೇಕು. ಎರಡನೆಯದಾಗಿ, ಸಾರ್ವಜನಿಕ ಹಣದಲ್ಲಿ ರೂಪಿಸುವ ಆಪ್‌ಗಳು ಕನಿಷ್ಠ ಆರೇಳು ವರ್ಷ ಹಿಂದಿನ ಫೋನುಗಳಲ್ಲೂ ನಡೆಯುವಂತಿರಬೇಕು. ಮೂರನೆಯದಾಗಿ, ಸ್ವಂತ ಫೋನಿನಲ್ಲಿ ಸರ್ಕಾರದ ಕೆಲಸ ಮಾಡುವವರಿಗೆ ಅದರ ಸವಕಳಿಯ ವೆಚ್ಚ ಸಲ್ಲಬೇಕು. ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಕಾರ್ಯಾಚರಣ ವ್ಯವಸ್ಥೆಯ ನವೀಕರಣ ಸಿಗಬೇಕೆಂಬ ನಿಯಮ ತಂದಿದೆ. ನಮ್ಮಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿದೆ. ದುರಸ್ತಿ ಸೂಚ್ಯಂಕದ ವಿಚಾರವೂ ಚರ್ಚೆಗೆ ಬಂದಿದೆ. ಆ ಸೂಚ್ಯಂಕದಲ್ಲಿ ತಿರುಪು, ಬ್ಯಾಟರಿಗಳಿಗೆ ಸಿಗುವಷ್ಟೇ ತೂಕ ಚಾಲಕಕ್ಕೂ ಸಿಗಬೇಕು.

ಕಂಪನಿಗಳ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೋಡೆಮ್‌ನ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದುವಂತಾದರೆ ರೇಡಿಯೊ ತರಂಗಗಳ ಶಿಸ್ತು ಕೆಡಬಹುದು. ಕ್ಯಾಮೆರಾದ ಚಿತ್ರ ಸಂಸ್ಕರಣೆಯಲ್ಲಿ ವರ್ಷಗಳ ಸಂಶೋಧನೆಯ ಬಂಡವಾಳವಿದೆ. ಆದರೆ ಎಲ್ಲವನ್ನೂ ಬಿಚ್ಚಿಡಿ ಎಂದು ಯಾರೂ ಕೇಳುತ್ತಿಲ್ಲ. ರಹಸ್ಯವನ್ನು ಉಳಿಸಿಕೊಂಡೇ, ಹೊಸ ವ್ಯವಸ್ಥೆ ಹಳೆಯ ಕ್ಯಾಮೆರಾವನ್ನು ಮಾತನಾಡಿಸಲು ಬೇಕಾಗುವಷ್ಟು ವಿವರವನ್ನು ಕೊಡಬಹುದು. ಸುರಕ್ಷತೆಯ ಹೆಸರಿನ ವಾದವಂತೂ ತಿರುಗುಬಾಣ. ತೇಪೆ ಹಾಕುವವರಿಲ್ಲದ ಹಳೆಯ ಆವೃತ್ತಿಯ ಫೋನುಗಳಲ್ಲಿ ರೈತರ ಆಧಾರ್, ಬ್ಯಾಂಕ್ ಖಾತೆಗಳ ವಿವರ ಇರುವುದಕ್ಕಿಂತ ದೊಡ್ಡ ಅಪಾಯ ಯಾವುದಿದೆ?

ಕರ್ನಾಟಕ ಇಂಥ ಕೆಲಸವನ್ನು ಒಮ್ಮೆ ಮಾಡಿ ತೋರಿಸಿದೆ. ವಂಶಪಾರಂಪರ್ಯ ಗ್ರಾಮಾಧಿಕಾರಗಳು 1963ರ ಫೆಬ್ರುವರಿ 1ರಿಂದ ರದ್ದಾದವು. ಆದರೂ ಪುಸ್ತಕ ಗ್ರಾಮ ಲೆಕ್ಕಿಗರ ಚೀಲದಲ್ಲೇ ಉಳಿದಿತ್ತು. ‘ಭೂಮಿ’ ಯೋಜನೆ ಬಂದು, 2002ರ ಹೊತ್ತಿಗೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದ ಮೇಲೆ ಆ ಪುಸ್ತಕ ಸಾರ್ವಜನಿಕವಾಯಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಷ್ಟು ಬಾರಿ ಜಿಲ್ಲೆ ಬದಲಾದರೂ ಅಲ್ಲಿನ ರೈತನ ಸರ್ವೆ ನಂಬರು ಕಳೆದುಹೋಗಲಿಲ್ಲ. ದಾಖಲೆ ಯಾರೊಬ್ಬರ ಮನೆಯ ಪೆಟ್ಟಿಗೆಯಲ್ಲೂ ಇಲ್ಲದಿದ್ದುದೇ ಅದಕ್ಕೆ ಕಾರಣ.

ಕೊಟ್ಟೂರಿನ ಆ ಯುವಕ ಅಂದು ಅಂಗಡಿಯವನಿಗೆ ಹಳೆಯ ಆವೃತ್ತಿಯನ್ನೇ ಮರಳಿ ಹಾಕಲು ಹೇಳಿ, ಸಂಜೆ ಬರುತ್ತೇನೆಂದು ಎದ್ದುಹೋದ. ಆ ದಿನದ ತಾಕುಗಳನ್ನು ಮುಗಿಸಲು ಅಣ್ಣನ ಫೋನನ್ನು ಕೇಳಿ ತರಬೇಕೆಂದ. ಅವನು ಹೊಸ ಫೋನು ಕೊಳ್ಳಬೇಕಾದರೆ ಇನ್ನೂ ಎಷ್ಟು ತಾಕು ನಡೆಯಬೇಕೆಂಬ ಲೆಕ್ಕವನ್ನು, ಮುಂದಿನ ಬಾರಿ ಆಪ್ ರೂಪಿಸುವ ಮತ್ತು ಫೋನಿಗೆ ಟೆಂಡರ್ ಕರೆಯುವ ಅಧಿಕಾರಿಗಳು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.